ಜ್ಯೋತ್ಸ್ನಾದಲ್ಲಿ ಎಷ್ಟು ಅಕ್ಷರ

ಬೈತಖೋಲದ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ.
ಕಂಪ್ರೆಸರ್ ಕೆಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಕೆಮ್ಮುತ್ತದೆ.
ಗಂಟೆಗೊಮ್ಮೆ ಎದ್ದು ಮುಳ್ಳು ನೋಡಿ
ರಿಜಿಸ್ಟರಿನಲ್ಲಿ ಬರೆಯಬೇಕು: ಉಪ್ಪುನೀರು, ಮೈನಸ್ ಒಂಬತ್ತು.
ನಡುವಿನ ಐವತ್ತು ನಿಮಿಷ ನನ್ನವು.
ಅವನ್ನು ಯಾರಿಗೋ ಕೊಡುತ್ತೇನೆ.

ಯಾರಿಗೆ ಅಂದರೆ ಹೇಳುವುದು ಕಷ್ಟ.
ಒಂದು ಭಾಷೆ ಇದೆ. ಬಾಯಲ್ಲಿ ಆಡುವುದಲ್ಲ,
ಯಂತ್ರಕ್ಕೆ ಕೆಲಸ ಹೇಳುವುದು. ಅದಕ್ಕೆ ಯಜಮಾನರಿಲ್ಲ.
ಮುರಿದದ್ದು ಕಂಡವರು ಚೀಟಿ ಬರೆಯುತ್ತಾರೆ,
ಬಲ್ಲವರು ತೇಪೆ ಕಳಿಸುತ್ತಾರೆ,
ತೇಪೆಯ ಹೊಲಿಗೆ ಎಳೆದು ನೋಡುವ ಹತ್ತಿಪ್ಪತ್ತು ಮಂದಿಯಲ್ಲಿ
ನಾನೂ ಒಬ್ಬಳು.
ಸಂಬಳ ಎಷ್ಟು, ಕೋಡಿಬಾಗದ ಅತ್ತಿಗೆ ಕೇಳಿದಳು.
ಸೊನ್ನೆ ಎಂದೆ.
"ದೇವಸ್ಥಾನದ ಕೆಲಸವಾ ಹಾಗಾದರೆ?"
ಅಲ್ಲ. ಪ್ರಸಾದವೂ ಇಲ್ಲ.

ನನ್ನನ್ನು ಇದಕ್ಕೆ ಎಳೆದದ್ದು ಒಂದು ಬೋಟು,
ಪುರ್ಸೋ ತಾಂಡೇಲರ ಜ್ಯೋತ್ಸ್ನಾ.
ಆರು ವರ್ಷದ ಹಿಂದೆ, ಐಸಿನ ಬಾಕಿ ಲೆಕ್ಕಕ್ಕೆಂದು
ನಾನೇ ಬರೆದ ಪುಟ್ಟ ಪ್ರೋಗ್ರಾಮು
ಆ ಬೋಟಿನ ಹೆಸರಲ್ಲಿ ಎರಡು ಖಾತೆ ತೆರೆದಿತ್ತು.
ಒಂದರಲ್ಲಿ ನಲವತ್ತು ಬ್ಲಾಕು, ಇನ್ನೊಂದರಲ್ಲಿ ಹದಿನೇಳು;
ಕೊಟ್ಟ ಹಣವೆಲ್ಲ ಮೊದಲನೆಯದಕ್ಕೆ ಜಮಾ,
ಎರಡನೆಯದರಲ್ಲಿ ಬರೀ ಬಾಕಿ.
ಕಿಟಕಿಯಲ್ಲಿ ತಲೆ ತೂರಿಸಿ ಕೂಗಿದರು:
"ಏಕೂಚ್ ಗೋ ಬಾಯ್! ಬೋಟು ಒಂದೇ!
ನಿನ್ನ ಪೆಟ್ಟಿಗೆಯೊಳಗೆ ಯಾವಾಗ ಮರಿ ಹಾಕಿತು?"

ಪರದೆಯ ಮೇಲೆ ಎರಡೂ ಒಂದೇ ಥರ.
ಬಿಡಿಸಿ ನೋಡಲು ಮೂರು ರಾತ್ರಿ ಹಿಡಿಯಿತು:
ನನ್ನ ಕೀಲಿಮಣೆಯ ಓತ್ವ ಇಡಿಯಾಗಿ ಒಂದೇ ತುಂಡು,
ತೂಕದ ಹುಡುಗನ ಮೊಬೈಲಿನದು
ಎತ್ವ, ಕೊಂಬು, ದೀರ್ಘ, ಬಾಲವಾಡಿಯ ಹಾಗೆ ಬಿಡಿಬಿಡಿ.
ನಾಲಿಗೆಗೆ ಎರಡೇ ಅಕ್ಷರ.
ಯಂತ್ರಕ್ಕೆ ಒಂದು ಕಡೆ ಹತ್ತು, ಇನ್ನೊಂದು ಕಡೆ ಹನ್ನೆರಡು.
ಹತ್ತು ಹನ್ನೆರಡಕ್ಕೆ ಸಮವೇ? ಅಲ್ಲ, ಎಂದಿತು ಭಾಷೆ.
ತಪ್ಪಿಲ್ಲದೆ ಸುಳ್ಳು ಹೇಳಿತು.

ಮುರುಕು ಇಂಗ್ಲಿಷಿನಲ್ಲಿ ಚೀಟಿ ಬರೆದೆ.
ನಾಲ್ಕನೇ ದಿನ ಉತ್ತರ:
ಇದು ಬಗ್ ಅಲ್ಲ, ಇರಬೇಕಾದ್ದೇ ಹೀಗೆ. ಮುಚ್ಚಲಾಗಿದೆ.

ಆಮೇಲೆ ಎಸ್ತೋನಿಯಾ ಕಡೆಯ ಮಾರ್ಯಾ ಎಂಬಾಕೆ,
ಕನ್ನಡದ ಒಂದು ಗೆರೆ ಕಾಣದವಳು,
ಮುಚ್ಚಿದ್ದನ್ನು ತೆರೆದು ಕೇಳಿದಳು:
ಆ ದೋಣಿಯ ಹೆಸರನ್ನು ಜೋರಾಗಿ ಓದಿದರೆ ಹೇಗೆ ಕೇಳುತ್ತದೆ?
ಮೊಬೈಲಿನಲ್ಲಿ ಓದಿ ಕಳಿಸಿದೆ. ಹಿಂದೆ ಕಂಪ್ರೆಸರಿನ ಕೆಮ್ಮು.
ಹನ್ನೊಂದು ತಿಂಗಳ ವಾದ. ಒಳಗೆ ಸೇರಿದ್ದು ಇಪ್ಪತ್ತಾರು ಸಾಲು.
ಅದರ ಪರೀಕ್ಷೆಯ ಕಡತದಲ್ಲಿ ಇವತ್ತಿಗೂ
ಜ್ಯೋತ್ಸ್ನಾ ಎರಡು ಸಲ ಇದ್ದಾಳೆ,
ಹತ್ತರವಳೊಬ್ಬಳು, ಹನ್ನೆರಡರವಳೊಬ್ಬಳು.
ಯಾವ ದೇಶದಲ್ಲಿ ಯಾರು ಏನು ತಿದ್ದಿದರೂ
ಬೋಟು ಒಂದೇ ಎಂದು ಒಪ್ಪಿಯೇ ಮುಂದೆ ಹೋಗಬೇಕು.
ಪುರ್ಸೋ ತಾಂಡೇಲರಿಗೆ ಹೇಳಿದೆ.
"ಆ ಹದಿನೇಳು ಬ್ಲಾಕು ವಜಾ ಆಯಿತಾ?" ಅಂದರು.

ಈಗ ಗಂಟೆ ಎರಡೂವರೆ. ಮುಂದೆ ಒಂದು ಹೊಸ ಚೀಟಿ.
ಯಾರದೋ ಊರು, ಯಾರದೋ ಲಿಪಿ,
ನನ್ನ ಕಣ್ಣಿಗೆ ಬರೀ ಕೊಕ್ಕೆ, ಚುಕ್ಕೆ.
ಏನು ಮಾಡಿದಾಗ ಕೆಟ್ಟಿತು ಎಂದೂ ಬರೆದಿಲ್ಲ.
ಕೊನೆಗೊಂದು ಸಾಲು: ಕ್ಷಮಿಸಿ, ನಾನು ಪ್ರೋಗ್ರಾಮರ್ ಅಲ್ಲ.
ಇವತ್ತು ಇಂಥವು ಬಂದದ್ದು ಹತ್ತೊಂಬತ್ತು.
ಹದಿನಾಲ್ಕನ್ನು ಮುಚ್ಚಿದೆ. ಒಂದೆರಡನ್ನು ಪೂರ್ತಿ ಓದದೆ.
ಬೆರಳು ಈಗಲೂ ಅಲ್ಲೇ ನಿಂತಿದೆ:
ಇದು ಬಗ್ ಅಲ್ಲ, ಇರಬೇಕಾದ್ದೇ
ಎಷ್ಟು ಸಲೀಸು ಈ ವಾಕ್ಯ. ನನಗೂ ರೂಢಿಯಾಗಿಬಿಟ್ಟಿದೆ.

ಹೊರಗೆ ಕ್ರಷರಿನ ಬಾಯಿಗೆ ಬ್ಲಾಕು ಬಿದ್ದು ಪುಡಿಯಾಗುತ್ತಿದೆ.
ಧಕ್ಕೆಯ ದೀಪದಲ್ಲಿ ಬೋಟುಗಳ ಸಾಲು, ಬೀಡಿ, ಬೈಗುಳ.
ಎದ್ದು ಮುಳ್ಳು ನೋಡುತ್ತೇನೆ. ಮೈನಸ್ ಎಂಟೂವರೆ.
ಬರೆಯುತ್ತೇನೆ. ವಾಪಸು ಬಂದು
ಟೈಪಿಸಿದ್ದನ್ನು ಅಳಿಸಿ ಇಷ್ಟು ಹಾಕುತ್ತೇನೆ:
ಇದು ಯಾರ ಹೆಸರು? ಜೋರಾಗಿ ಓದಿ ಕಳಿಸುತ್ತೀರಾ?

ಕಿಟಕಿಯಲ್ಲಿ ಹುಡುಗ. "ಜ್ಯೋತ್ಸ್ನಾ, ಮೂವತ್ತು ಬ್ಲಾಕು, ಬೇಗ."
ತಡೆ ಮಾರಾಯ, ಎನ್ನುತ್ತೇನೆ,
ಒಂದು ಕಳಿಸುವುದಿದೆ.