ಚಕ್ಕುಬಂದಿ

ಜಮಖಂಡಿ ರಿಜಿಸ್ಟ್ರಿ ಕಚೇರಿಯ ಬೇವಿನ ಬುಡಕ್ಕೆ
ಇಪ್ಪತ್ತೆರಡು ವರ್ಷ ಖರೇದಿಪತ್ರ ಬರೆದವನು ನಾನು.
ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಗಾಡಿದಾರಿ,
ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸೋದರರ ಮುನಿಸು.
ನಾಲ್ಕು ಸಾಲಿಗೆ ಒಗ್ಗದ ನೆಲ
ಸಂಕನಗಡ್ಡಿಗೆ ಹೋಗುವ ತನಕ ನಾ ಕಂಡಿರಲಿಲ್ಲ.

ಕೊಳ್ಳುವವರು ಇಳಕಲ್ಲಿನ ಗ್ರಾನೈಟ್ ಸಾಹುಕಾರ
ಭರತೇಶ ಪದ್ಮಣ್ಣವರ. ಹೋದ ವರ್ಷ
ಇಂಡೋನೇಷಿಯಾದ ಮೂಲೆಯ ದ್ವೀಪವೊಂದರಲ್ಲಿ
ಎಂಟು ದಿನ ಇದ್ದು, ಚರ್ಮ ಸುಲಿಸಿಕೊಂಡು ಬಂದವರು.
ಬೋಟಿನಲ್ಲಿ ಕೂತದ್ದೇ ಫೋನು ತೆಗೆದರು:
ಟೋಪಿಯಂಥ ಎತ್ತರದ ಹುಲ್ಲಿನ ಮಾಡು,
ಮಗ್ಗದ ಮುಂದೆ ಹೆಂಗಸರು, ಸಣ್ಣ ಕುದುರೆ,
ಆಮೇಲೆ ನೀರು, ನೀರು, ನೀರು.
"ಹತ್ತು ವರ್ಷದ ಹಿಂದ ಆ ದಂಡಿ ಕೇಳಾವ್ರು ಇರಲಿಲ್ಲ.
ಈಗ ಒಂದು ಗುಂಟೆಗೆ ಬಂಗಾರದ ರೇಟು."

ಅಡ್ಡ ಮಲಗಿಸಿದ ಮೋಟರ್‌ಸೈಕಲ್, ಎರಡು ಖಾಲಿ ಹಾಲಿನ ಕ್ಯಾನು,
ತೊಡೆಯ ಮೇಲೆ ಮೊಟ್ಟೆಯ ಟ್ರೇ ಹಿಡಿದ ಸಾಲಿ ಬಾಯಿಯವರು.
ಯಮನಪ್ಪ ಹುಟ್ಟು ನಿಲ್ಲಿಸಿ ಕೆಳಗೆ ಕೈ ತೋರಿಸಿದ.
"ಇಲ್ಲೇ ನಮ್ಮ ಹಳೇ ಸಾಲಿ ಐತ್ರಿ.
ನಾ ನಾಲ್ಕನೇತ್ತ ಫೇಲಾದದ್ದು ಇಲ್ಲೇ."
ಬಾಯಿಯವರು ನಗಲಿಲ್ಲ. ಮೊಟ್ಟೆ ಎಣಿಸುತ್ತಿದ್ದರು.

ಮಾರುವವಳು ತಾರಾಬಾಯಿ ಮಗದುಮ್ಮ.
ನಲವತ್ತರ ಹೆಂಗಸು, ಗಂಡಸಿನ ಅಂಗಿ ಸೀರೆಯ ಮೇಲೆ,
ಕಬ್ಬಿನ ರವದಿ ಗೀರಿದ ಮೊಣಕೈ.
ಹೊಲದ ತುದಿಗೆ ನಿಂತು ಹೆಜ್ಜೆಯಲ್ಲೇ ಅಳೆದು ಕೊಟ್ಟಳು.
ಮೇ ತಿಂಗಳಲ್ಲಿ ಆರು ಎಕರೆ ಹದಿನಾಲ್ಕು ಗುಂಟೆ.
ಆಗಸ್ಟಿನಲ್ಲಿ ಎರಡು ಎಕರೆ, ಅದೂ ಹಸಿ.
ಉತಾರಿನಲ್ಲಿ ಮಾತ್ರ ವರ್ಷವಿಡೀ ಆರು ಹದಿನಾಲ್ಕು.

ಸಾಹುಕಾರರು ಗಾಳಿಯಲ್ಲೇ ಕಟ್ಟಿಬಿಟ್ಟರು:
ಇಲ್ಲಿ ಹನ್ನೆರಡು ಗುಡಿಸಲು, ಅಲ್ಲಿ ಜೋಕಾಲಿ,
ರಾತ್ರಿ ದೀಪ, ಕಟಕ ರೊಟ್ಟಿ, ಮೀನು,
ಪುಣೆಯಿಂದ ಸೊಲ್ಲಾಪುರದಿಂದ ಕಾರು,
ಆಚೆ ದಂಡೆಯಲ್ಲಿ ಕಾರು ನಿಲ್ಲಲು ಬಯಲು.
ತಾರಾಬಾಯಿಗೂ ಫೋನು ತೋರಿಸಿದರು.
ಅವಳು ಒರೆಸಿಕೊಂಡ ಬೆರಳಿನಿಂದ
ಒಂದೊಂದೇ ಚಿತ್ರ ಸರಿಸಿದಳು,
ಮಗ್ಗದ ಹತ್ತಿರ ಸ್ವಲ್ಪ ನಿಂತಳು,
ಕುದುರೆಯ ಹತ್ತಿರ ನಿಲ್ಲಲಿಲ್ಲ.

"ಅಲ್ಲಿ ಬಸುರೇರು ದವಾಖಾನಿಗೆ ಹೆಂಗ ಹೊಕ್ಕಾರ್ರಿ?"

ಸಾಹುಕಾರರು ಕೇಳಿರಲಿಲ್ಲ.
ಮೀನಿನ ದರ ಕೇಳಿದ್ದರು, ಬಟ್ಟೆಯ ದರ ಕೇಳಿದ್ದರು,
ಪರದೇಶದವರ ಹೆಸರಿಗೆ ನೆಲ ಆಗುವುದಿಲ್ಲ,
ಗುತ್ತಿಗೆ ಆಗುತ್ತದೆ ಅಂತಲೂ ಕೇಳಿ ತಿಳಿದಿದ್ದರು.
ಬಾಯಿಯವರು ಸಾಲೆಯ ಕಡೆ ಹೋಗುತ್ತಿದ್ದವರು
ತಿರುಗಿ ತಾರಾಬಾಯಿಯನ್ನು ನೋಡಿದರು.
ತಾರಾಬಾಯಿ ಕಬ್ಬಿನ ಕಡೆ ನೋಡಿದಳು.
ಯಾರೂ ಯಾವ ಹೆಸರೂ ಹೇಳಲಿಲ್ಲ.

ಆಮೇಲೆ ಚಹಾ. ಆಮೇಲೆ ಚೌಕಾಸಿ.
ಮಾರೂದಿಲ್ಲ ಅಂತ ಅವಳೇನು ಅನ್ನಲಿಲ್ಲ.
ಮುಳುಗುವ ನಾಲ್ಕು ಎಕರೆ ಕೊಡುತ್ತಾಳೆ, ಮೇಲಿನದು ಇಲ್ಲ.
"ಎಂಟು ತಿಂಗಳು ನಿಮ್ಮ ಗುಡಿಸಲಾ ಇರಲಿ,
ನಾಲ್ಕು ತಿಂಗಳು ನೀವೂ ನೀರೂ ಮಾತಾಡ್ಕೋರಿ.
ರೊಕ್ಕ ಕಡಿಮಿ ಆದ್ರೂ ನಡೀತೈತಿ. ಮಿಶಿನ್ ಬೋಟು ಬೇಕು.
ರಾತ್ರಿ ಈಚೆ ದಂಡಿಗೆ ಕಟ್ಟಬೇಕು, ಆಚೆಗಲ್ಲ.
ಬರಕೋರಿ."

ನಾನು ಬರೆದುಕೊಂಡೆ:
ಸದರಿ ಬೋಟು ಎಷ್ಟೊತ್ತಿಗೆ ಕೂಗಿದರೂ ಬರತಕ್ಕದ್ದು.
ಪತ್ರದಲ್ಲಿ ಇಂಥ ಶರತ್ತಿಗೆ ಜಾಗವಿಲ್ಲವೆಂದು ನನಗೆ ಗೊತ್ತು.
ಸಾಹೇಬರು ಕೆಂಪು ಶಾಯಿ ಎಳೆಯುತ್ತಾರೆ, ಅದೂ ಗೊತ್ತು.
ಪೂರ್ವಕ್ಕೆ ಮಾರುವವಳ ಉಳಿದ ಜಮೀನು.
ದಕ್ಷಿಣಕ್ಕೆ ನೀರು. ಉತ್ತರಕ್ಕೆ ನೀರು.
ಪಶ್ಚಿಮಕ್ಕೆ ಮೊದಲಿನ ಓಣಿ ಇತ್ತಂತೆ,
ಅದರ ಹೆಸರು ಒಬ್ಬೊಬ್ಬರು ಒಂದೊಂದು ಹೇಳಿದರು.
ಆ ಸಾಲು ಖಾಲಿ ಬಿಟ್ಟೆ.

ಸಂಜೆ ಮರಳುವಾಗ ಸಾಹುಕಾರರು ಮಾತಾಡಲಿಲ್ಲ.
ಆ ದ್ವೀಪದಲ್ಲಿ ತಮ್ಮನ್ನು ಇಟ್ಟುಕೊಂಡವನಿಗೆ
ಏನೋ ಬರೆದು ಕಳಿಸಿದ್ದರು. ಹೊಳೆ ನಡುವೆ ಸಿಗ್ನಲ್ ಇಲ್ಲ,
ಸಣ್ಣ ಚಕ್ರ ಸುತ್ತುತ್ತಲೇ ಇತ್ತು.
ಯಮನಪ್ಪ ಹುಟ್ಟು ಹಾಕುತ್ತಿದ್ದ.
"ಮಿಶಿನ್ ಬಂದ್ರ ನಂದೇನ್ರಿ?" ಅಂತ ಒಮ್ಮೆ ಕೇಳಿದ,
ನನ್ನನ್ನೋ, ಅವರನ್ನೋ.

ದಂಡೆ ಹತ್ತಿರ ಬಂದಾಗ ಸಂದೇಶ ಹೋಯಿತು.
ಇಳಿಯುವಾಗ ಸಾಹುಕಾರರ ಒಂದು ಬೂಟು
ಕೆಸರಿನಲ್ಲೇ ಉಳಿಯಿತು.
ಒಂಟಿ ಕಾಲಲ್ಲಿ ನಿಂತು ಫೋನು ನೋಡಿದರು.
ಅಲ್ಲೀಗ ರಾತ್ರಿ ಇರಬೇಕು, ಅಂದರು.
ಇನ್ನೂ ಉತ್ತರ ಬಂದಿರಲಿಲ್ಲ.