ಬಿರಡೆ

ಕೊಳ್ಳಲು ಬಂದ ಹುಡುಗ, ಒಟ್ಸೊ,
ದೋಣಿಯ ಪಕ್ಕೆಗೆ ಬೆರಳ ಗೆಣ್ಣಿನಿಂದ ಬಡಿದ,
ಕಲ್ಲಂಗಡಿ ಆರಿಸುವವನ ಹಾಗೆ.

ಸೈಮಾ ಸರೋವರ ಇನ್ನೂ ಅರ್ಧ ಮಂಜುಗಡ್ಡೆ.
‘ಮೂರನೇ ಎಳೆತಕ್ಕೆ ಇಂಜಿನ್ನು ಹಿಡಿಯುತ್ತೆ’ ಅಂದೆ;
ಎರಡಕ್ಕೂ ಮೂರಕ್ಕೂ ನಡುವೆ
ಒಂದು ಬೈಗುಳ ಬೇಕು ಅನ್ನುವುದನ್ನು ಹೇಳಲಿಲ್ಲ.

ಸೀಟಿನ ಸುಟ್ಟ ಕಲೆ ಏನೆಂದು ಕೇಳಿದ.
ಕಾಫಿ ಸ್ಟವ್, ಅಂದೆ.
ಆ ರಾತ್ರಿ ಸೂರ್ಯ ಮುಳುಗಲೇ ಇಲ್ಲ,
ತೂಲಿ ಚುಕ್ಕಾಣಿ ಬಿಟ್ಟು ನನ್ನ ಕಡೆ ತಿರುಗಿದ್ದಳು,
ಸ್ಟವ್ ವಾಲಿದ್ದು ಇಬ್ಬರಿಗೂ ಕಾಣಲಿಲ್ಲ.
ಇದನ್ನೆಲ್ಲ ರಸೀದಿಯಲ್ಲಿ ಎಲ್ಲಿ ಬರೆಯಲಿ?

ಇನ್ನೂರು ಯೂರೊ ಕಡಿಮೆ ಕೇಳಿದ. ಒಪ್ಪಿದೆ.
ಒಳಗೆ ಅವಳಿಗಳು ಸರದಿಯ ಮೇಲೆ ಅಳುತ್ತಿದ್ದವು.
ಟ್ರೇಲರ್ ತಿರುವು ದಾಟುವಾಗ ಕಂಡದ್ದು
ಹಿಂಬದಿಯ ಹೆಸರು, ನಾನೇ ಬರೆದದ್ದು,
ಕೊನೆಯ ಅಕ್ಷರ ಓರೆ.

ಬೆಳಗಿನ ಜಾವ ಮೂರಕ್ಕೆ
ಕತ್ತಲಲ್ಲೇ ಕೋಟಿನ ಜೇಬು ತಡಕಿ
ನಿಪ್ಪಲ್ಲೆಂದು ಚಿಕ್ಕವಳ ಬಾಯಿಗಿಡಹೋದರೆ
ರಬ್ಬರೇನೋ ಹೌದು,
ದೋಣಿಯ ತಳದ ಬಿರಡೆ.

‘ಫೋನು ಮಾಡು, ಮುಳುಗಿಸಿಯಾನು’ ಅಂದಳು ತೂಲಿ
ನಿದ್ದೆಗಣ್ಣಲ್ಲಿ.
ಮಾಡುತ್ತೇನೆ.
ಮೊದಲು ಇವಳು ಮಲಗಲಿ.
ಮುಷ್ಟಿಯಲ್ಲಿ ಬೆಚ್ಚಗಾಗುತ್ತಿದೆ ಅದು;
ದೂರದಲ್ಲಿ ಗಡ್ಡೆ ಬಿರಿಯುವ ಸದ್ದು.