ನಾಳೆ ಬಾ, ಮಾದರಿ ನಾಲ್ಕು

ಮಾಡಿದವನು ನಾನೇ, ಒಪ್ಪಿಕೊಳ್ಳುತ್ತೇನೆ.
ಹಗಲೆಲ್ಲ ಹ್ಯಾಲಿಫ್ಯಾಕ್ಸಿನ ಬಾಯಿಗಳಿಗೆ ಹಲ್ಲುಸೆಟ್ಟು ಕಟ್ಟುವ ಕೈ,
ಉಳಿದ ಗುಲಾಬಿ ಅಕ್ರಿಲಿಕ್ಕಿನೊಳಗೆ
ಮೊಟ್ಟೆ ಬೇಯಿಸುವ ಒಂದು ಕೆಟ್ಟ ಟೈಮರನ್ನು ಹುದುಗಿಸಿ
ಗುರುವಾರದ ಆಟಕ್ಕೆ ಒಯ್ದೆ.
ಥೇಟ್ ಒಸಡು. ಒಂದು ಗುಂಡಿ. ಒಂದೇ ಒಂದು ಕೋರೆಹಲ್ಲು,
ಅದು ಆಂಟೆನಾ.

ಗ್ರಂಥಾಲಯದ ಹಿಂಕೋಣೆ; ಹೀಟರಿಗೆ ಕೆಮ್ಮು.
(ಈ ಕಟ್ಟಡಕ್ಕೆ ಬೀಗ ಜಡಿಯುವುದನ್ನು
ಕೌನ್ಸಿಲಿನವರು ಮೂರನೇ ಸಲ ಮುಂದೂಡಿದ್ದಾರೆ.)
ಮೇಜಿನ ಸುತ್ತ ಶನಿಗ್ರಹದಾಚೆಯ ಅಂಚೆ ಇಲಾಖೆ:
ಮೂವತ್ತು ವರ್ಷ ಶಾಲೆಮಕ್ಕಳನ್ನು ರಸ್ತೆ ದಾಟಿಸಿದ ವಿನಿಫ್ರೆಡ್,
ಚರಂಡಿ ಇನ್ಸ್‌ಪೆಕ್ಟರ್ ಕ್ಲೆಮ್,
ಹದಿನೇಳರ ಸಫೂರಾ, ನಿಯಮವೆಲ್ಲ ಬಾಯಿಪಾಠ, ನನಗಿಂತ.

"ಪ್ರಯೋಗಾಲಯದ ಕೊಡುಗೆ" ಎಂದೆ, ದನಿ ಗಡಸು ಮಾಡಿ.
"ಆಪತ್ತು ಎದುರಾದರೆ ಒತ್ತಿ, ಹೆಸರು ಹೇಳಿ.
ಆಪತ್ತು ಮುಂದಕ್ಕೆ ಹೋಗುತ್ತದೆ. ಎಷ್ಟು? ಟೈಮರಿಗೇ ಗೊತ್ತು.
ಅದು ಬಾರಿಸಿದಾಗ ಮುಂದೂಡಿದ್ದೆಲ್ಲ ಒಟ್ಟಿಗೆ ಬರುತ್ತದೆ.
ಕೈಪಿಡಿಯ ಎರಡನೇ ಪುಟದಿಂದಾಚೆ ಏನೂ ಇಲ್ಲ,
ಮಾದರಿ ಮೂರು ತಿಂದುಹಾಕಿತು. ಓದುತ್ತಿದ್ದವನನ್ನೂ."

ಹೆಸರು ಎಲ್ಲಿಯದೆಂದು ಕೇಳಿದರು. ಹೇಳಿದೆ:
ನಾನಾಗ ಮೂರನೇ ಇಯತ್ತೆ. ರಾತ್ರಿ ದೆವ್ವ ಬಂದು
ಕದ ಬಡಿಯುತ್ತದೆಂದು ಓಣಿಯಲ್ಲಿ ಸುದ್ದಿ;
ಎಲ್ಲರೂ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದರು: ನಾಳೆ ಬಾ.
ಅಕ್ಷರ ಬಲ್ಲ ದೆವ್ವ, ಪಾಪ,
ದಿನಾ ಬಂತು, ದಿನಾ ಓದಿತು, ದಿನಾ ಹಿಂದಿರುಗಿತು.
"ಎಂಥ ಸಭ್ಯ ದೆವ್ವ!" ಎಂದಳು ವಿನಿಫ್ರೆಡ್.

ಕಷ್ಟ ಶುರುವಾದದ್ದು ನಾಲಿಗೆಯಿಂದ.
ಯಾರ್ಕ್‌ಷೈರಿನ ನಾಲಿಗೆ ಳಕಾರಕ್ಕೆ ಮಡಚದು.
ಉಲ್ಕೆ ಬಂತು; ಕ್ಲೆಮ್ ಗುಂಡಿ ಒತ್ತಿ ಕೂಗಿದ: "ನಾಲೆ ಬಾ!"
ಆಟ ನಡೆಸುವವನು ನಾನು, ನ್ಯಾಯ ತಪ್ಪುವಂತಿಲ್ಲ;
ನಾಲೆ ಕರೆದರೆ ನಾಲೆಯೇ ಬರಬೇಕು.
ಬಂತು, ಶನಿಯ ಬಳೆಗಳನ್ನು ಸೀಳಿಕೊಂಡು,
ಎರಡು ಬಾತು, ಒಂದು ತುಕ್ಕು ಸೈಕಲ್ಲು,
ಒಂದು ದೋಣಿ, ದೋಣಿಯಲ್ಲಿ ಚಹಾ ಕುಡಿಯುತ್ತ ಯಾರೋ.
ಉಲ್ಕೆ ಅದರೊಳಗೆ ಬಿದ್ದು ಚೊಂಯ್ ಎಂದಿತು.
ಕ್ಲೆಮ್ ಎದ್ದು ನಿಂತು ಚಪ್ಪಾಳೆ ತಟ್ಟಿದ, ನೀರು ಕಂಡರೆ ಅವನಿಗೆ ಹಬ್ಬ.

ಸಫೂರಾಳಿಗೆ ಮಾತ್ರ ಒಲಿಯಿತು.
ಅಜ್ಜಿಯ ಪಂಜಾಬಿಯಲ್ಲಿ ಆ ಅಕ್ಷರ ಇದೆಯಂತೆ.
ನಾಳೆ ಬಾ: ಮುಂದೂಡಿದಳು ಹಸಿದ ಪಾರ್ಸೆಲ್ಲನ್ನು.
ನಾಳೆ ಬಾ: ತೆರಿಗೆ ಅಧಿಕಾರಿಯ ಮೂರು ತಲೆಗಳನ್ನು, ಬೇರೆ ಬೇರೆಯಾಗಿ.
ನೌಕೆಯ ಸ್ಫೋಟವನ್ನು ಎರಡು ಸಲ.
ಹನ್ನೊಂದಾಯಿತು, ನನ್ನ ಬೆರಳು ಸಾಲದಾಯಿತು.
ಟೈಮರ್ ಟಿಕ್ ಟಿಕ್. ಬಿಸ್ಕತ್ತು ಮುಗಿಯಿತು.
ಯಾರೂ ದೊಡ್ಡ ಉಸಿರು ಬಿಡಲಿಲ್ಲ.
ಬಾರಿಸಲೇ ಇಲ್ಲ.
ಒಂಬತ್ತಕ್ಕೆ ಕಾವಲುಗಾರ ಬಂದು ದೀಪ ಆರಿಸಿದ.

ಕಟ್ಟಿದ್ದು ಕೈಕೊಟ್ಟರೆ ಹಲ್ಲಿನವನಿಗೂ ನಾಚಿಕೆಯೇ.
"ಕೆಟ್ಟಿದೆ" ಎಂದೆ.
"ಹಾಗಾದರೆ ಸರಿಯಾಗಿದೆ" ಎಂದಳು ಸಫೂರಾ.

ಕೊನೆಯ ಬಸ್ಸಿನ ಮೇಲಂತಸ್ತು. ಇಳಿಜಾರು,
ಸೋವರ್ಬಿ ಬ್ರಿಡ್ಜಿನ ಕಡೆಗೆ. ಮಾತು ಆಗಲೇ
ವಿನಿಫ್ರೆಡಳ ಮಂಡಿಗೆ, ಸೋಮವಾರದ ಪರೀಕ್ಷೆಗೆ ಹೊರಳಿತ್ತು.
ನಾಲೆಯ ಸೇತುವೆ ಬಂತು, ಆಗ
ನನ್ನ ಕೋಟಿನ ಜೇಬಿನಲ್ಲಿ
ಟ್ರಿಣ್ಣ್

ನಾಲ್ವರೂ ಸೀಟಿನ ಕೆಳಗೆ.
ಎಪ್ಪತ್ತೊಂದರ ವಿನಿಫ್ರೆಡ್ ಎಲ್ಲರಿಗಿಂತ ಮೊದಲು, ಆ ಮಂಡಿಯಲ್ಲೇ,
ಒಂದು ಅಂಗೈ ಮಾತ್ರ ಮೇಲೆ, ಚಾಚಿ,
ಬರುವುದನ್ನೆಲ್ಲ ಅಲ್ಲೇ ನಿಲ್ಲಿಸುವವಳಂತೆ.
ಹಿಂದಿದ್ದ ಅಪರಿಚಿತ, ಚಿಪ್ಸ್ ಪೊಟ್ಟಣ ಎದೆಗವಚಿ,
ಯಾಕೆಂದು ಕೇಳದೆ ತಾನೂ ಬಗ್ಗಿದ.

ಏನೂ ಬರಲಿಲ್ಲ.
ಕೆಳಗೆ ನಾಲೆ, ಕರ್ರಗೆ,
ಕರೆದಿರಲ್ಲ ಎಂದು ಬಂದು ನಿಂತಂತೆ.
ಮೆಟ್ಟಿಲ ಬುಡದಿಂದ ಚಾಲಕ ಕೂಗಿದ:
"ಗಂಟೆ ಒತ್ತಿದ್ದು ಯಾರು? ಇಳಿಯುತ್ತೀರೋ ಇಲ್ಲವೋ?"
ಸೀಟಿನಡಿಯಿಂದ ವಿನಿಫ್ರೆಡ್,
ನಾಲಿಗೆಯನ್ನು ಕಷ್ಟಪಟ್ಟು ಹಿಂದಕ್ಕೆ ಮಡಚಿ:
"ನಾಳೆ."